ಹೋಲ್ಡರ್ನೆಸ್ ತೀರದ ಬಂಕರ್‌ಗಳು: ಕಡಲಿಗೆ ಬೀಳುವ ಮುನ್ನ ದಾಖಲಿಸಬೇಕೇ?

ಪರ: ಅಳತೆ ಟೇಪು ಹಿಡಿದು ಇವತ್ತೇ ಹೊರಡಬೇಕು

ಇಂಗ್ಲೆಂಡಿನ ಹಲ್ ನಗರಕ್ಕೆ ಕೆಲಸಕ್ಕೆ ಬಂದ ವರ್ಷ ಮೊದಲ ಸಲ ಕಿಲ್ನ್‌ಸೀ ಕಡಲತೀರಕ್ಕೆ ಹೋಗಿದ್ದೆ. ಮರಳಿನ ಮೇಲೆ ಮನೆಗಾತ್ರದ ಕಾಂಕ್ರೀಟ್ ತುಂಡುಗಳು ಮಗುಚಿ ಬಿದ್ದಿದ್ದವು. ಅದು ಗಾಡ್ವಿನ್ ಬ್ಯಾಟರಿ. ಮೊದಲ ಮಹಾಯುದ್ಧದಲ್ಲಿ 9.2 ಇಂಚಿನ ಫಿರಂಗಿಗಳಿಗಾಗಿ ಕಟ್ಟಿ, ಎರಡನೆಯದರಲ್ಲೂ ಬಳಸಿದ ಕೋಟೆ. ಕಟ್ಟಿದಾಗ ಗಟ್ಟಿನೆಲದ ಮೇಲಿತ್ತು. ಈಗ ಉಬ್ಬರದ ನೀರು ಅದನ್ನು ಸುತ್ತುವರಿಯುತ್ತದೆ.

ಪೂರ್ವ ಯಾರ್ಕ್‌ಶೈರಿನ ಈ ಹೋಲ್ಡರ್ನೆಸ್ ತೀರ ಸುಮಾರು 60 ಕಿ.ಮೀ. ಉದ್ದವಿದೆ. ಹಿಮಯುಗದ ಹಿಮನದಿಗಳು ಬಿಟ್ಟುಹೋದ, ಕಲ್ಲು ಬೆರೆತ ಜೇಡಿಮಣ್ಣಿನ ದಿಬ್ಬವೇ ಇಲ್ಲಿನ ದಡ. ಮಳೆ ಮೇಲಿನಿಂದ ಮಣ್ಣನ್ನು ನೆನೆಸುತ್ತದೆ, ಅಲೆ ಬುಡವನ್ನು ಕೊರೆಯುತ್ತದೆ, ದಿಬ್ಬ ಹೋಳುಹೋಳಾಗಿ ಜಾರುತ್ತದೆ. ಸರಾಸರಿ ವರ್ಷಕ್ಕೆ ಒಂದೂವರೆಯಿಂದ ಎರಡು ಮೀಟರ್ ನೆಲ ಹೋಗುತ್ತದೆ. ಯುರೋಪಿನಲ್ಲಿ ಇಷ್ಟು ವೇಗದ ಕಡಲ್ಕೊರೆತ ಬಹಳ ಕಡೆ ಇಲ್ಲ.

1940ರಲ್ಲಿ ಫ್ರಾನ್ಸಿನ ಡನ್‌ಕರ್ಕ್‌ನಿಂದ ಬ್ರಿಟಿಷ್ ಸೇನೆ ಹಿಂದೆ ಬಂದ ಮೇಲೆ, ಜರ್ಮನರು ಇನ್ನೇನು ದಡಕ್ಕೆ ಇಳಿಯುತ್ತಾರೆಂದು ಬ್ರಿಟನ್ ಅವಸರವಸರವಾಗಿ ಸುಮಾರು 28,000 ಪಿಲ್‌ಬಾಕ್ಸ್ (ಗುಂಡು ಹಾರಿಸಲು ಕಿಂಡಿಯಿರುವ ಸಣ್ಣ ಬಂಕರ್) ಮತ್ತಿತರ ಕಾವಲುಗೂಡುಗಳನ್ನು ಕಟ್ಟಿತು. ಉಳಿದಿರುವುದು ಸುಮಾರು 6,500. ಅವುಗಳ ಮಾದರಿ ನಕ್ಷೆಗಳು ಕಡತದಲ್ಲಿವೆ, ಮತ್ತೇಕೆ ದಾಖಲೆ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಒಂದೇ: ನಕ್ಷೆಯಲ್ಲಿ ಇದ್ದದ್ದೇ ಬೇರೆ, ಇಲ್ಲಿ ಕಟ್ಟಿದ್ದೇ ಬೇರೆ. ಸೆಂಟ್ರಿಂಗಿಗೆ ಹಲಗೆ ಸಿಗದ ಕಡೆ ಇಟ್ಟಿಗೆ ಗೋಡೆಯನ್ನೇ ಅಚ್ಚು ಮಾಡಿ ಒಳಗೆ ಕಾಂಕ್ರೀಟ್ ಸುರಿದರು. ಹಲಗೆ ಸಿಕ್ಕ ಕಡೆ ಅದರ ಗೆರೆ, ಗಂಟುಗಳ ಗುರುತು ಗೋಡೆಯ ಮೇಲೆ ಇನ್ನೂ ಇದೆ. ಆ ಬೇಸಿಗೆಯ ಆತುರ, ಅಭಾವ, ಭಯವನ್ನು ಯಾವ ನಕ್ಷೆ ತೋರಿಸುತ್ತದೆ?

ಎರಡನೇ ಮಹಾಯುದ್ಧದಲ್ಲಿ ಹಲ್ ನಗರದ ಶೇ. 95ರಷ್ಟು ಮನೆಗಳು ಬಾಂಬಿಗೆ ಜಖಂಗೊಂಡವು, ಸುಮಾರು 1,200 ಜನ ಸತ್ತರು. ಆದರೂ ಯುದ್ಧಕಾಲದ ಸೆನ್ಸಾರ್‌ನಿಂದಾಗಿ ಆಗಿನ ಸುದ್ದಿಯಲ್ಲಿ ಊರಿನ ಹೆಸರಿರುತ್ತಿರಲಿಲ್ಲ. ‘ಈಶಾನ್ಯ ತೀರದ ಒಂದು ಪಟ್ಟಣ’ ಎಂದಷ್ಟೇ ಹೇಳುತ್ತಿದ್ದರು. ನನ್ನ ಪಕ್ಕದ ಮನೆಯ ಅಜ್ಜಿಗೆ ಆ ಮಾತು ಎತ್ತಿದರೆ ಇವತ್ತಿಗೂ ಕಣ್ಣು ತುಂಬುತ್ತದೆ. ಹೆಸರನ್ನೇ ಮರೆಮಾಡಿದ್ದ ಊರಿನ ಸಾಕ್ಷಿ ಈ ಕಾಂಕ್ರೀಟ್.

ಕಟ್ಟಡ ಉಳಿಸಿ, ತಡೆಗೋಡೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಒಂದರ ಅಂಚು ಇನ್ನೊಂದರಲ್ಲೂ ಬರುವಂತೆ ಸುತ್ತಲಿಂದ ಫೋಟೋ ತೆಗೆದು, ಒಂದು ಅಳತೆಕೋಲು ಪಕ್ಕದಲ್ಲಿಟ್ಟರೆ ಕಂಪ್ಯೂಟರ್ ಅದನ್ನು ಮೂರು ಆಯಾಮದ ಮಾದರಿ ಮಾಡಿಕೊಡುತ್ತದೆ. ಒಂದು ಇಳಿತದ ಹೊತ್ತು ಸಾಕು. ನಾರ್ಫೋಕ್‌ನ ಹೇಸ್‌ಬರೋ ತೀರದಲ್ಲಿ 2013ರ ಮೇ ತಿಂಗಳಲ್ಲಿ ಎಂಟು ಲಕ್ಷ ವರ್ಷಕ್ಕೂ ಹಿಂದಿನ ಮಾನವರ ಹೆಜ್ಜೆಗುರುತು ಕಾಣಿಸಿತು. ಎರಡು ವಾರದೊಳಗೆ ಅಲೆ ಅದನ್ನು ಅಳಿಸಿತು. ನಮಗೆ ಅದು ಉಳಿದಿರುವುದು ಹೀಗೆ ತೆಗೆದ ಫೋಟೋಗಳಿಂದಲೇ.

ಇನ್ನೊಂದು ಲಾಭವೂ ಇದೆ. ಬಂಕರ್ ಕಟ್ಟಿದಾಗ ದಿಬ್ಬದ ಅಂಚು ಎಲ್ಲಿತ್ತು, ಈಗ ಎಲ್ಲಿದೆ ಎಂದು ಅಳೆದರೆ ಕಡಲು 80 ವರ್ಷದಲ್ಲಿ ಎಷ್ಟು ನುಂಗಿದೆ ಎಂಬುದು ಕೈಗೆ ಸಿಗುತ್ತದೆ. ದುಡ್ಡಿನ ಮಾತು ಬಂದರೆ, 1995ರಿಂದ 2002ರವರೆಗೆ ಬ್ರಿಟನ್ನಿನ ರಕ್ಷಣಾ ಕಟ್ಟಡಗಳ ಸಮೀಕ್ಷೆಯಲ್ಲಿ ಸುಮಾರು 600 ಸ್ವಯಂಸೇವಕರು ಹತ್ತಿರ ಹತ್ತಿರ 20,000 ತಾಣಗಳನ್ನು ದಾಖಲಿಸಿದರು. ಮನಸ್ಸಿದ್ದವರಿಗೆ ದುಡ್ಡು ಅಡ್ಡ ಬರಲಿಲ್ಲ.

ಕಳೆದ ಚಳಿಗಾಲಕ್ಕೆ ಮುಂಚೆ ಒಂದು ಪಿಲ್‌ಬಾಕ್ಸ್‌ನ ಒಳಗೋಡೆಯಲ್ಲಿ ಯಾರೋ ಸಿಪಾಯಿ ಮೊಳೆಯಿಂದ ಕೊರೆದ ಅಕ್ಷರಗಳನ್ನು ಕಂಡಿದ್ದೆ. ಕತ್ತಲಾಗಿತ್ತು, ಮುಂದಿನ ವಾರ ತೆಗೆಯೋಣ ಎಂದು ಬಂದೆ. ಮುಂದಿನ ವಾರ ಅದು ಬಾಗಿಲು ಕೆಳಗಾಗಿ ಮರಳಲ್ಲಿ ಹೂತಿತ್ತು.

ವಿರೋಧ: ಕ್ಯಾಮೆರಾ ಮೊದಲು ಮನೆಗಳತ್ತ ತಿರುಗಲಿ

ವಿರೋಧದ ಬದಿ ಬರೆಯಲು ನನ್ನನ್ನು ಕೇಳಿದರು. ದಾಖಲಿಸುವುದೇ ತಪ್ಪು ಎಂದು ನಾನು ಹೇಳಲಾರೆ. ಆದರೆ ಎಲ್ಲಕ್ಕಿಂತ ಮೊದಲು ಇದೇ ಆಗಬೇಕು ಎನ್ನುವುದನ್ನು ಒಪ್ಪುವುದಿಲ್ಲ.

20,000 ತಾಣಗಳ ದಾಖಲೆ ಆಗಿದೆ ಎಂದು ಎದುರು ಪಕ್ಷವೇ ಹೇಳಿದೆ. ಅಲ್ಲಿಗೆ ಸಾಕಲ್ಲವೇ? ಒಂದೇ ಬಗೆಯ ಕಾಂಕ್ರೀಟ್ ಪೆಟ್ಟಿಗೆಗಳ ಇನ್ನಷ್ಟು ಫೋಟೋ ಯಾರಿಗೆ ಬೇಕು? ಕಡಲ್ಕೊರೆತ ಅಳೆಯಲು ವಿಮಾನ, ಉಪಗ್ರಹಗಳಿವೆ. ಜೊತೆಗೆ ಅಪಾಯ ಬೇರೆ. ಅದೇ ತೀರದ ಕೌಡನ್‌ನಲ್ಲಿ ವಾಯುಪಡೆ ಬಾಂಬು ಹಾಕಿ ಅಭ್ಯಾಸ ಮಾಡುತ್ತಿದ್ದ ಜಾಗವಿದೆ; ದಿಬ್ಬ ಕುಸಿದಂತೆ ಹಳೆಯ ಮದ್ದುಗುಂಡು ಹೊರಗೆ ಬರುತ್ತದೆ. ಜಾರುವ ಜೇಡಿಮಣ್ಣಿನ ಕೆಳಗೆ ಸ್ವಯಂಸೇವಕರನ್ನು ನಿಲ್ಲಿಸಬಾರದು. ಅದೇ ತೀರದ ಸ್ಕಿಪ್‌ಸೀ ಹಳ್ಳಿಯಲ್ಲಿ ದಿಬ್ಬದಂಚಿನ ಮನೆಗಳಲ್ಲಿ ಜನ ಈಗಲೂ ಇದ್ದಾರೆ. ಅವರಿಗೆ ಮನೆ ಹೋದರೆ ಮನೆಯ ಬೆಲೆ ಕೊಡುವವರಿಲ್ಲ.

ನಾನು ಉಳ್ಳಾಲದವನು. ಕಡಲ್ಕೊರೆತ ಎಂಬುದು ನಮಗೆ ಪ್ರತಿ ಮಳೆಗಾಲದ ಮಾತು. ಅಜ್ಜಿಯದು ಕಡಲಬದಿಯ ಹಂಚಿನ ಮನೆ. ಮೊದಲು ತೆಂಗಿನ ಸಾಲು ಹೋಯಿತು, ಆಮೇಲೆ ಬಚ್ಚಲು. ಜುಲೈಯ ಒಂದು ರಾತ್ರಿ ಮಾವ ಅಜ್ಜಿಯನ್ನು ಎತ್ತಿಕೊಂಡೇ ಹೊರಗೆ ತಂದರು. ಬೆಳಿಗ್ಗೆ ಚಾವಡಿ ಇರಲಿಲ್ಲ. ಅಧಿಕಾರಿಗಳು ಬಂದು ಹೆಸರು ಬರೆದುಕೊಂಡು ಹೋದರು. ಅಲೆ ತಡೆಯುವ ಬಂಡೆಕಲ್ಲು ಬಂದದ್ದು ಮರುವರ್ಷ. ಬಹಳ ದಿನ ಬಾವಿಯ ಕಟ್ಟೆಯೊಂದೇ ಮರಳಿನಲ್ಲಿ ನಿಂತಿತ್ತು. ಅಜ್ಜಿ ಸಂಜೆ ಹೋಗಿ ಅದನ್ನು ಮುಟ್ಟಿ ಬರುತ್ತಿದ್ದರು.

ಆ ಮನೆಯ ಒಂದೇ ಒಂದು ಫೋಟೋ ನಮ್ಮಲ್ಲಿಲ್ಲ. ದೇವರ ಕೋಣೆಯ ಬಾಗಿಲು ಯಾವ ಕಡೆಗಿತ್ತು ಎಂಬುದರಲ್ಲಿ ಅಮ್ಮನಿಗೂ ದೊಡ್ಡಮ್ಮನಿಗೂ ಇಂದಿಗೂ ಒಮ್ಮತವಿಲ್ಲ. ಫಿರಂಗಿ ಕಟ್ಟೆಯ ಸುತ್ತ ಇಳಿತ ಕಾದು ಫೋಟೋ ತೆಗೆಯುವವರಿದ್ದಾರೆ. ಅವರಲ್ಲಿ ಒಬ್ಬರು ಆ ವರ್ಷ ನಮ್ಮ ದಾರಿಯಲ್ಲಿ ಬಂದಿದ್ದರೆ ಎಂದು ಅನ್ನಿಸುತ್ತದೆ.