ಇನ್ಹೇಲರ್ ಬ್ಯಾಗಿನಲ್ಲಿದ್ದರೆ ಸಾಲದು

ಕಳೆದ ತಿಂಗಳು ಮಗಳ ಬಾಸ್ಕೆಟ್‌ಬಾಲ್ ಪಂದ್ಯ ಇತ್ತು. ಅವಳಿಗೆ 14 ವರ್ಷ. ಚಿಕ್ಕಂದಿನಿಂದ ಅಸ್ತಮಾ ಇದೆ. ಪಂದ್ಯ ಚೆನ್ನಾಗಿಯೇ ಆಡಿದಳು. ಮುಗಿದ ಮೇಲೆ ಬೆಂಚಿನ ಮೇಲೆ ಕೂತು ಕೆಮ್ಮಲು ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಒಂದು ಮಾತು ಪೂರ್ತಿ ಹೇಳಲೂ ಉಸಿರು ಸಾಲದಾಯಿತು.

ಇನ್ಹೇಲರ್ ಬ್ಯಾಗಿನಲ್ಲಿತ್ತು. ಬ್ಯಾಗ್ ಬೀಗ ಹಾಕಿದ ಕೋಣೆಯಲ್ಲಿತ್ತು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅದು ಸಿಗುವಷ್ಟರಲ್ಲಿ ಎಂಟು ನಿಮಿಷ ಹೋಯಿತು. ಆ ಎಂಟು ನಿಮಿಷ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಪ್ರತಿ ಉಸಿರಿಗೂ ಅವಳ ಭುಜ ಮೇಲೆದ್ದು ಇಳಿಯುತ್ತಿದ್ದುದು ಇವತ್ತಿಗೂ ಕೈಗೆ ನೆನಪಿದೆ.

ಪಕ್ಕದಲ್ಲಿದ್ದವರೊಬ್ಬರು, "ಓಡೋದು ನಿಂತಾಯ್ತಲ್ಲ, ಇನ್ನು ಸರಿ ಹೋಗುತ್ತೆ ಬಿಡಿ" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆಟದ ಅಸ್ತಮಾ ಎಷ್ಟೋ ಸಲ ಆಟ ನಿಂತ ಮೇಲೆಯೇ ಜಾಸ್ತಿಯಾಗುತ್ತದೆ, 5ರಿಂದ 10 ನಿಮಿಷ ಕಳೆದ ಮೇಲೆ. ಓಡುವಾಗ ಮಕ್ಕಳು ಬಾಯಿಂದ ಜೋರಾಗಿ ಉಸಿರೆಳೆಯುತ್ತಾರೆ. ಮೂಗಿನಿಂದ ಹೋಗುವ ಗಾಳಿಯಷ್ಟು ಅದು ಬೆಚ್ಚಗಾಗುವುದಿಲ್ಲ, ತೇವವೂ ಆಗುವುದಿಲ್ಲ. ಉಸಿರಿನ ಕೊಳವೆಗಳ ಒಳಮೈ ಒಣಗುತ್ತದೆ, ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಚಳಿ, ಒಣಹವೆ, ಧೂಳು, ಹೊಗೆ ಇದ್ದ ದಿನ ಇನ್ನೂ ಕಷ್ಟ. ನೆಗಡಿಯಾಗಿದ್ದರಂತೂ ಹೇಳುವುದೇ ಬೇಡ.

ಮನೆಗೆ ಬಂದ ಮೇಲೆ ನಿಧಾನಕ್ಕೆ ಕೇಳಿದೆ, ಜೇಬಲ್ಲಿ ಯಾಕೆ ಇಟ್ಟುಕೊಳ್ಳಲಿಲ್ಲ ಅಂತ. "ಅಮ್ಮಾ, ಎಲ್ಲರೂ ನೋಡ್ತಾರೆ. ಆಮೇಲೆ ನನ್ನ ಟೀಮಿಗೆ ತಗೊಳ್ಳಲ್ಲ" ಅಂದಳು.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೀಗದ ಬಗ್ಗೆ ಸಿಟ್ಟು ಮಾಡಿಕೊಂಡಿದ್ದೆ. ಅದಕ್ಕೂ ಮೊದಲೇ ಮಗು ಇನ್ಹೇಲರನ್ನು ಬಚ್ಚಿಟ್ಟಿತ್ತು.

ಅಮೆರಿಕದ ಅಥ್ಲೀಟ್ ಜಾಕಿ ಜಾಯ್ನರ್ ಕೆರ್ಸಿ ಕೂಡ ಹೀಗೇ ಮಾಡಿದ್ದರು. ಕಾಲೇಜಿಗೆ ಬಂದಾಗ ಅಸ್ತಮಾ ಇದೆ ಅಂತ ಗೊತ್ತಾಯಿತು. ಆಟ ಬಿಡಿಸಿಬಿಡುತ್ತಾರೆ ಅನ್ನುವ ಭಯಕ್ಕೆ ಕೋಚ್‌ಗೆ ಹೇಳದೆ ಮುಚ್ಚಿಟ್ಟರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಓಟ, ಜಿಗಿತ, ಎಸೆತ ಸೇರಿ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ 7291 ಅಂಕ ಗಳಿಸಿದವರು ಅವರೇ. ಆ ವಿಶ್ವದಾಖಲೆ ಇನ್ನೂ ಹಾಗೇ ಇದೆ. ಮಗಳಿಗೆ ಇದನ್ನು ಹೇಳಿದಾಗ ಅವಳು ದಾಖಲೆ ಬಗ್ಗೆ ಏನೂ ಕೇಳಲಿಲ್ಲ. "ಅವರೂ ಮುಚ್ಚಿಟ್ಟಿದ್ರಾ?" ಅಂತ ಅಷ್ಟೇ ಕೇಳಿದಳು.

"ಇಷ್ಟು ಕಷ್ಟಪಟ್ಟು ಆಡೋದು ಯಾಕೆ, ಬಿಡಿಸಿಬಿಡಿ" ಅಂತ ಹತ್ತಿರದವರು ತುಂಬಾ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಮೈದಾನಕ್ಕೆ ಇಳಿದಾಗಲೆಲ್ಲ ಉಸಿರು ಕಟ್ಟುತ್ತಿದೆ ಅಂದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದು ಅರ್ಥ. ಆಗ ನೋಡಬೇಕಾದದ್ದು ಔಷಧಿಯನ್ನು. ನಮ್ಮ ತಪ್ಪೂ ಅಲ್ಲೇ ಇತ್ತು. ಉಸಿರು ಬಿಗಿದಾಗ ಬಳಸುವ ಇನ್ಹೇಲರ್ ತಕ್ಷಣ ಆರಾಮ ಕೊಡುತ್ತದೆ, ಹಾಗಾಗಿ ಅದೇ ಸಾಕು ಅಂದುಕೊಂಡಿದ್ದೆವು. ಕೊಳವೆಯ ಊತ ಇಳಿಸುವ ದಿನನಿತ್ಯದ ಇನ್ಹೇಲರನ್ನು, ಚೆನ್ನಾಗಿದ್ದಾಳಲ್ಲ ಅಂತ ನಡುನಡುವೆ ಬಿಟ್ಟಿದ್ದೆವು. ಬರೀ ತಕ್ಷಣದ ಇನ್ಹೇಲರ್ ನಂಬಿಕೊಂಡು ಇರಬಾರದು ಅಂತ ಜಿನಾ ಎಂಬ ಅಂತರರಾಷ್ಟ್ರೀಯ ಅಸ್ತಮಾ ತಜ್ಞರ ಸಂಸ್ಥೆ 12 ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ 2019ರಲ್ಲೇ ಹೇಳಿದೆ. ಇನ್ಹೇಲರ್ ಚಟವಾಗುತ್ತದೆ ಅನ್ನುವ ಮಾತೂ ನಿಜವಲ್ಲ, ದಯವಿಟ್ಟು ಅದನ್ನು ಮಕ್ಕಳ ಮುಂದೆ ಹೇಳಬೇಡಿ.

ಈಗ ವೈದ್ಯರು ಒಂದು ಚೀಟಿ ಬರೆದುಕೊಟ್ಟಿದ್ದಾರೆ. ಆಟಕ್ಕೆ ಸುಮಾರು 15 ನಿಮಿಷ ಮೊದಲು ಪಫ್. ಆಮೇಲೆ ಹತ್ತು ಹದಿನೈದು ನಿಮಿಷ ವಾರ್ಮ್ ಅಪ್, ನಡುನಡುವೆ ಸ್ವಲ್ಪ ಜೋರಾಗಿ ಓಡಿ, ಮತ್ತೆ ನಿಧಾನ. ಉಸಿರು ಬಿಗಿದರೆ ಆಟ ನಿಲ್ಲಿಸಿ ನೆಟ್ಟಗೆ ಕೂರಬೇಕು, ಮಲಗಬಾರದು. ಇನ್ಹೇಲರ್ ಬಾಯಿಗೆ ಜೋಡಿಸುವ ದೊಡ್ಡ ಕೊಳವೆ, ಅಂದರೆ ಸ್ಪೇಸರ್‌ನಲ್ಲಿ ಒಂದು ಸಲಕ್ಕೆ ಒಂದೇ ಪಫ್, ನಡುವೆ ನಾಲ್ಕೈದು ಉಸಿರು. ಚೀಟಿಯಲ್ಲಿ ಬರೆದಷ್ಟು ಪಫ್ ಆದರೂ ಕಡಿಮೆಯಾಗದಿದ್ದರೆ, ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ ಕಾಯುವ ಹಾಗಿಲ್ಲ, ಆಸ್ಪತ್ರೆಗೆ ಓಡಬೇಕು. ಇದು ನಮ್ಮ ಮಗಳ ಚೀಟಿ. ನಿಮ್ಮ ಮಗುವಿನದನ್ನು ನಿಮ್ಮ ವೈದ್ಯರ ಹತ್ತಿರ ಬರೆಸಿಕೊಳ್ಳಿ, ಒಂದು ಪ್ರತಿ ಕೋಚ್ ಹತ್ತಿರವೂ ಇರಲಿ.

ಈಗ ಇನ್ಹೇಲರ್ ಕೋರ್ಟಿನ ಅಂಚಿನಲ್ಲಿ, ನೀರಿನ ಬಾಟಲಿ ಪಕ್ಕದಲ್ಲಿ ಇರುತ್ತದೆ. ಮೊದಲ ದಿನ ಎಲ್ಲರೂ ನೋಡಿದರು. ಎರಡನೇ ದಿನ ಯಾರೂ ನೋಡಲಿಲ್ಲ. ಮೂರನೇ ದಿನ ಟೀಮಿನ ಇನ್ನೊಂದು ಹುಡುಗಿ ಮಗಳ ಪಕ್ಕ ಬಂದು ಕೂತು, "ನಂಗೂ ಆಟ ಮುಗಿದ ಮೇಲೆ ದಿನಾ ಕೆಮ್ಮು ಬರುತ್ತೆ, ಯಾರಿಗೂ ಹೇಳಿಲ್ಲ" ಅಂದಳಂತೆ. ನಿನ್ನೆ ಅವಳ ಅಮ್ಮನ ಜೊತೆ ಮಾತಾಡಿದೆ. ಸೋಮವಾರ ವೈದ್ಯರಿಗೆ ತೋರಿಸುತ್ತಾರೆ.