ಚೈನೀಸ್ ಕೋಣೆಗೆ ಕಾಸರಗೋಡಿನ ವಿಳಾಸ

ಅಮೆರಿಕದ ತತ್ತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಒಂದು ಕೋಣೆ ಕಟ್ಟಿದರು. ಕಲ್ಲು ಮಣ್ಣಿನಿಂದಲ್ಲ, ಬರೀ ತಲೆಯೊಳಗೆ. ಆ ಕೋಣೆಯಲ್ಲಿ ಚೀನೀ ಭಾಷೆಯ ಗಂಧಗಾಳಿ ಇಲ್ಲದ ಒಬ್ಬ ಮನುಷ್ಯ ಕೂತಿದ್ದಾನೆ. ಕೈಯಲ್ಲಿ ದಪ್ಪದ ನಿಯಮಗಳ ಪುಸ್ತಕ. ಬಾಗಿಲ ಸಂದಿಯಿಂದ ಚೀನೀ ಅಕ್ಷರದ ಚೀಟಿ ಒಳಗೆ ಬರುತ್ತದೆ. ಈ ಆಕಾರ ಬಂದರೆ ಆ ಆಕಾರ ಬರೆ ಅಂತ ಪುಸ್ತಕ ಹೇಳುತ್ತದೆ. ಅವನು ಹಾಗೇ ಬರೆದು ಹೊರಗೆ ತಳ್ಳುತ್ತಾನೆ. ಹೊರಗಿನವರು, ಅಬ್ಬಾ, ಒಳಗಿರುವವನಿಗೆ ಚೀನೀ ಭಾಷೆ ನೀರು ಕುಡಿದಷ್ಟು ಸಲೀಸು ಅಂದುಕೊಳ್ಳುತ್ತಾರೆ. ಕಂಪ್ಯೂಟರ್ ಮಾಡುವುದೂ ಇಷ್ಟೇ, ಅದಕ್ಕೆ ಅರ್ಥ ಎಂಬುದು ತಿಳಿಯುವುದಿಲ್ಲ ಅಂತ ಸರ್ಲ್ ಅವರ ವಾದ.

ಪಂಡಿತರು ಇದರ ಮೇಲೆ ಇವತ್ತಿಗೂ ಜಗಳವಾಡುತ್ತಿದ್ದಾರೆ. ಪಾಪ, ಕೇರಳದಲ್ಲಿರುವ ನಮ್ಮ ಕಾಸರಗೋಡಿಗೆ ಬಂದಿದ್ದರೆ ಕೋಣೆಯನ್ನು ಕಣ್ಣಾರೆ ನೋಡಬಹುದಿತ್ತು. ಹಂಚಿನ ಮಾಡು, ಕರಿಹಲಗೆ, ‘ಕನ್ನಡ ಮಾಧ್ಯಮ’ ಅಂತ ಬೋರ್ಡು. ಒಳಗೆ ಕನ್ನಡ ಬಾರದ ಟೀಚರ್, ಅವರ ಕೈಯಲ್ಲಿ ಕನ್ನಡ ಪಾಠಪುಸ್ತಕ. ಎಲ್ಲ ಶಾಲೆಯಲ್ಲೂ ಹೀಗಿಲ್ಲ, ನಿಜ. ಆದರೆ ಕನ್ನಡ ಗೊತ್ತಿಲ್ಲದವರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದ್ದಾರೆ, ಹೆತ್ತವರು ಶಾಲೆ ಗೇಟಿನಲ್ಲಿ ಧರಣಿ ಕೂತಿದ್ದಾರೆ ಎಂಬ ಸುದ್ದಿ ನಮ್ಮ ಪತ್ರಿಕೆಗಳಿಗೆ ಮಳೆಗಾಲದಷ್ಟೇ ಖಾಯಂ. ಸರ್ಲ್ ಸುಮ್ನೆ ಕಲ್ಪಿಸಿಕೊಂಡದ್ದನ್ನು ನಮ್ಮ ಸರಕಾರ ಸಂಬಳ, ಭತ್ಯೆ ಕೊಟ್ಟು ನಡೆಸುತ್ತಿದೆ.

ಸರ್ಲ್ ಅವರ ಮನುಷ್ಯನಿಗೆ ಒಂದು ಅನುಕೂಲ ಇತ್ತು. ನಿಯಮಗಳ ಪುಸ್ತಕ ಅವನಿಗೆ ಬರುವ ಇಂಗ್ಲಿಷಿನಲ್ಲಿತ್ತು. ನಮ್ಮ ಟೀಚರಿಗೆ ಆ ಭಾಗ್ಯವೂ ಇಲ್ಲ. ಗಣಿತದ ಕ್ಲಾಸು ಅಂತಿಟ್ಟುಕೊಳ್ಳಿ. ಹಲಗೆಯ ಮೇಲೆ ಒಂದು ಆಯತ ಎಳೆದು ‘ಇದು ಚತುರಂ’ ಅನ್ನುತ್ತಾರೆ. ಮಲಯಾಳದಲ್ಲಿ ಅದು ಸರಿಯೇ. ಮುಂದಿನ ಬೆಂಚಿನ ಹುಡುಗಿ ನೋಟ್ಸಿನಲ್ಲಿ ‘ಇದು ಚತುರ’ ಅಂತ ಬರೆಯುತ್ತಾಳೆ. ಚತುರ ಅಂದಮೇಲೆ ಮುಖ ಬೇಡವಾ? ಆಯತದೊಳಗೆ ಎರಡು ಕಣ್ಣು, ಒಂದು ನಗು ಬಿಡಿಸುತ್ತಾಳೆ. ‘ಮನಸ್ಸಿಲಾಯೋ?’ ಅಂತ ಟೀಚರ್ ಕೇಳುತ್ತಾರೆ. ‘ಆಯಿ ಟೀಚರ್’ ಅಂತ ಇಡೀ ಕ್ಲಾಸು ರಾಗ ಎಳೆಯುತ್ತದೆ. ಚೀಟಿ ಒಳಗೆ ಹೋಯಿತು, ಚೀಟಿ ಹೊರಗೆ ಬಂತು. ಅರ್ಥ ಮಾತ್ರ ಎರಡೂ ಕಡೆ ಇಲ್ಲ. ಸರ್ಲ್ ಕೋಣೆಯಲ್ಲಿ ಹೊರಗಿನವರಿಗಾದರೂ ಅರ್ಥ ಆಗುತ್ತಿತ್ತು. ನಾವು ಒಂದು ಹೆಜ್ಜೆ ಮುಂದೆ.

ಟೀಚರನ್ನು ಬೈದು ಪ್ರಯೋಜನ ಇಲ್ಲ. ಅವರು ಕೇರಳದ ಇನ್ನೊಂದು ತುದಿಯಿಂದ ರಾತ್ರಿ ರೈಲು ಹತ್ತಿ, ಕೆಲಸ ಸಿಕ್ಕಿತಲ್ಲ ಅಂತ ಬಂದವರು. ಅವರಿಗೇ ಅಳು ಬರುತ್ತಿರುತ್ತದೆ.

ಮೆಷಿನ್ ಲರ್ನಿಂಗ್ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಮಾತು ಬರುತ್ತದೆ. ಯಂತ್ರಕ್ಕೆ ಕಲಿಸಬೇಕಾದರೆ ಉದಾಹರಣೆ ಕೊಡಬೇಕು, ಪ್ರತಿ ಉದಾಹರಣೆಗೂ ಸರಿಯಾದ ಉತ್ತರದ ಚೀಟಿ ಅಂಟಿಸಬೇಕು. ಯಂತ್ರ ತಪ್ಪು ಹೇಳಿದರೆ ‘ಅಲ್ಲ’ ಅನ್ನಲು ಉತ್ತರ ಗೊತ್ತಿರುವವರು ಬೇಕು. ಆಗ ಅದು ಒಳಗಿನ ತೂಕಗಳನ್ನು, ಅಂದರೆ ಉತ್ತರ ನಿರ್ಧರಿಸುವ ಅಂಕಿಗಳನ್ನು, ಚೂರು ಚೂರೇ ತಿದ್ದಿಕೊಳ್ಳುತ್ತದೆ. ಇಲ್ಲಿ ಆ ಕೆಲಸ ಮಕ್ಕಳು ಮಾಡುತ್ತಾರೆ. ‘ಟೀಚರ್, ಅದು ಹಾಗಲ್ಲ, ಹೀಗೆ’ ಅಂತ ದಿನವಿಡೀ ತಿದ್ದುತ್ತಾರೆ. ಡೇಟಾಕ್ಕೆ ಚೀಟಿ ಅಂಟಿಸುವವರಿಗೆ ಕಂಪೆನಿಗಳು ಕಮ್ಮಿಯಾದರೂ ಏನೋ ಒಂದಿಷ್ಟು ಕೊಡುತ್ತವೆ. ನಮ್ಮ ಮಕ್ಕಳದು ಬಿಟ್ಟಿ ಸೇವೆ. ಅಂತೂ ಇಂತೂ ಟೀಚರ್ ‘ಗಲಾಟೆ ಮಾಡ್ಬೇಡಿ, ಕೂತ್ಕೊಳ್ಳಿ’ ಅನ್ನುವಷ್ಟು ಕಲಿತರು ಅನ್ನುವಾಗ ಊರ ಕಡೆಗೆ ವರ್ಗ ಆಗುತ್ತದೆ. ಹೊಸಬರು ಬರುತ್ತಾರೆ. ತೂಕಗಳೆಲ್ಲ ಮತ್ತೆ ಸೊನ್ನೆಗೆ.

ಹಾಗಂತ ನಮ್ಮ ರಾಜ್ಯ ತಂತ್ರಜ್ಞಾನದಲ್ಲಿ ಹಿಂದೆ ಬಿದ್ದಿದೆ ಅಂತ ತಿಳಿಯಬೇಡಿ. 2024ರಲ್ಲಿ ಸುಮಾರು 80 ಸಾವಿರ ಅಧ್ಯಾಪಕರಿಗೆ ಎಐ ತರಬೇತಿ ಶುರು ಮಾಡಿದ ಸರಕಾರ ಇದು. ಅದೇ ವರ್ಷ ಏಳನೇ ಕ್ಲಾಸಿನ ಐಸಿಟಿ, ಅಂದರೆ ಕಂಪ್ಯೂಟರ್ ಪಾಠದ, ಪುಸ್ತಕಕ್ಕೆ ಎಐ ಪಾಠ ಬಂತು, ಕನ್ನಡ ಮಾಧ್ಯಮಕ್ಕೂ ಬಂತು. ಮುಖ ನೋಡಿ ಭಾವ ಗುರುತಿಸುವ ಪ್ರೋಗ್ರಾಮನ್ನು ಮಕ್ಕಳೇ ಬರೆಯಬೇಕು. ಸಂತೋಷ, ದುಃಖ, ಕೋಪ ಅಂತ ಏಳು ಭಾವದವರೆಗೆ ಅದು ಗುರುತಿಸಬಲ್ಲದು. ಒಳ್ಳೆಯ ಪಾಠವೇ, ಹೊಟ್ಟೆಕಿಚ್ಚಿಲ್ಲ. ಆದರೆ ಕನ್ನಡ ಪುಸ್ತಕದಲ್ಲಿರುವ ಈ ಪಾಠವನ್ನು ಕನ್ನಡ ಬಾರದವರು ಮಾಡುವಾಗ ಮಕ್ಕಳ ಮುಖದಲ್ಲಿ ಮೂಡುವ ಭಾವ ಈ ಏಳರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಎಂಟನೆಯದೊಂದನ್ನು ಸೇರಿಸಬೇಕಾದೀತು.

ಅತ್ತ ಯಂತ್ರಗಳು ಏನು ಮಾಡುತ್ತಿವೆ? ಗೂಗಲ್ ಅನುವಾದಕ್ಕೆ ಕನ್ನಡ 2011ರಲ್ಲೇ ಬಂತು, 2024ರಲ್ಲಿ ತುಳುವೂ ಬಂತು. ಕಾಸರಗೋಡಿಗೆ ಒಂದು ದಿನದ ಪೋಸ್ಟಿಂಗೂ ಇಲ್ಲದೆ ಅದು ತುಳು ಕಲಿತುಕೊಂಡಿತು!

ಇಷ್ಟೆಲ್ಲ ಹೇಳಿದರೆ ಅಧಿಕಾರಿಗಳು ತಣ್ಣಗೆ ಫಲಿತಾಂಶ ತೋರಿಸುತ್ತಾರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೇರಳದ ಪಾಸ್ ಪ್ರಮಾಣ ಶೇ. 99.69. ಇನ್ನೇನು ಬೇಕು ನಿಮಗೆ? ಡೇಟಾ ಸೈನ್ಸ್ ಕಲಿಯುವ ಹುಡುಗರಿಗೆ ಶುರುವಿನಲ್ಲೇ ಹೇಳಿಕೊಡುವ ಒಂದು ಎಚ್ಚರಿಕೆ ಇದೆ. ನಿಮ್ಮ ಮಾಡೆಲ್, ಅಂದರೆ ಡೇಟಾದಿಂದ ಕಲಿತ ಪ್ರೋಗ್ರಾಮ್, ಶೇ. 99 ಸರಿ ಹೇಳಿತು ಅಂದರೆ ಸಿಹಿ ಹಂಚಬೇಡಿ, ಮೊದಲು ಡೇಟಾ ನೋಡಿ. ಹೊರಗೆ ಯಾರನ್ನೂ ನೋಡದೆ, ಉತ್ತರ ಪತ್ರಿಕೆ ಬಿಚ್ಚದೆ, ಪ್ರತಿಯೊಬ್ಬರಿಗೂ ‘ಪಾಸ್’ ಅಂತ ಹೇಳುವ ಒಂದೇ ಸಾಲಿನ ಪ್ರೋಗ್ರಾಮ್ ಬರೆಯಿರಿ. ಅದರಲ್ಲಿ ಬುದ್ಧಿ ಇಲ್ಲ, ನ್ಯೂರಾನ್ ಇಲ್ಲ. ಆದರೂ ಕೇರಳದಲ್ಲಿ ಅದು ಆ ವರ್ಷ ಶೇ. 99.69 ಸಲ ಸರಿ ಹೇಳುತ್ತಿತ್ತು. ಅಂಥ ಅಂಕಿಯಿಂದ ತಿಳಿಯಬೇಕಾದ್ದು ಏನೂ ತಿಳಿಯುವುದಿಲ್ಲ. ಮಕ್ಕಳು ಟೀಚರಿಂದ ಕಲಿತರೋ, ಟ್ಯೂಷನ್‌ನಿಂದ ಕಲಿತರೋ, ಪಕ್ಕದ ಮನೆಯ ಅಕ್ಕ ಹೇಳಿಕೊಟ್ಟದ್ದೋ? ಆ ಕಾಲಮ್ಮೇ ಪಟ್ಟಿಯಲ್ಲಿಲ್ಲ.

ಮಿದುಳಿನ ಮಾದರಿಯಲ್ಲಿ ಚಿಪ್ ಮಾಡುವವರೂ ಒಮ್ಮೆ ಇತ್ತ ಬರುವುದು ಒಳ್ಳೆಯದು. ಇಂಟೆಲ್ 2024ರಲ್ಲಿ ತೋರಿಸಿದ ಹಾಲಾ ಪಾಯಿಂಟ್ ಎಂಬ ಯಂತ್ರದಲ್ಲಿ 115 ಕೋಟಿ ಕೃತಕ ನ್ಯೂರಾನ್, ಹೆಚ್ಚೆಂದರೆ 2,600 ವ್ಯಾಟ್ ಕರೆಂಟು. ಮನುಷ್ಯನ ತಲೆಯಲ್ಲಿ ಸುಮಾರು 8,600 ಕೋಟಿ ನ್ಯೂರಾನ್, ಬೇಕಾಗುವುದು ಒಂದು ಎಲ್‌ಇಡಿ ಟ್ಯೂಬಿನಷ್ಟು, ಸುಮಾರು 20 ವ್ಯಾಟ್. ಆ 20 ವ್ಯಾಟಿನಲ್ಲಿ ನಮ್ಮ ಆರನೇ ಕ್ಲಾಸಿನ ಹುಡುಗ ಮನೆಯಲ್ಲಿ ತುಳು, ಬಸ್ಸಿನಲ್ಲಿ ಬ್ಯಾರಿ, ಅಂಗಡಿಯಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ ನಡೆಸುತ್ತಾನೆ. ಮೇಲಿಂದ ಟೀಚರಿಗೆ ದುಭಾಷಿ. ಇಷ್ಟಕ್ಕೂ ಇಂಧನ ಶಾಲೆಯ ಮಧ್ಯಾಹ್ನದ ಊಟ.

ಇನ್ನು ಮನವಿಗಳು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಬಂದದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷವೇ. ಅಂದಿನಿಂದ ಕಾಸರಗೋಡಿನ ಕನ್ನಡಿಗರು ಬರೆದ ಮನವಿಗಳನ್ನೆಲ್ಲ ಒಟ್ಟು ಹಾಕಿದರೆ ಒಳ್ಳೆಯ ಡೇಟಾಸೆಟ್ ಆದೀತು. ಮಾಡೆಲ್ ತರಬೇತಿಯಂತೂ ಬಹಳ ಸುಲಭ. ಯಾವ ಮನವಿ ಕೊಟ್ಟರೂ ಉತ್ತರ ಒಂದೇ: ‘ಪರಿಶೀಲಿಸಲಾಗುವುದು.’

ನಮ್ಮವರೇನು ಕಮ್ಮಿಯಾ? ಬೆಂಗಳೂರಿನಿಂದ ನವೆಂಬರ್ 1ಕ್ಕೆ ಕಾರು ಬರುತ್ತದೆ. ಶಾಲು, ಹಾರ, ಕಾಸರಗೋಡಿನ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದ ಮಹಾಜನ ವರದಿ, ‘ಕಾಸರಗೋಡು ಎಂದೆಂದಿಗೂ ನಮ್ಮದು’. ವರದಿ ಬಂದದ್ದು 1967ರಲ್ಲಿ, ಭಾಷಣವೂ ಅದೇ ಕಾಲದ್ದು. ಊಟ ಮುಗಿಸಿ, ಕತ್ತಲಾಗುವ ಮೊದಲು ಗಡಿಯ ತಲಪಾಡಿ ದಾಟಿಬಿಡುತ್ತಾರೆ. ಇಲ್ಲಿ ಉಳಿದವರು ಧರಣಿ ಮುಂದುವರಿಸುತ್ತಾರೆ. ಕನ್ನಡ ಮಾಧ್ಯಮ ಉಳಿಸಿ ಅಂತ ಮೈಕಿನಲ್ಲಿ ಗಂಟಲು ಹರಿದುಕೊಳ್ಳುವವರ ಸ್ವಂತ ಮಕ್ಕಳು ಯಾವ ಮಾಧ್ಯಮದಲ್ಲಿ ಓದುತ್ತಾರೆ ಅಂತ ಮಾತ್ರ ಕೇಳಬೇಡಿ. ಅದು ವೈಯಕ್ತಿಕ ಡೇಟಾ. ಅದರ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ.