ಉತ್ಸವಮೂರ್ತಿಗೆ ಗೋಲಿನ ಕೆಲಸವಿಲ್ಲ

ದೇವಸ್ಥಾನದ ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ತೇರಿಗೆ, ಪಲ್ಲಕ್ಕಿಗೆ ಬೇರೆಯೇ ಒಂದು ಪುಟ್ಟ ಪಂಚಲೋಹದ ಮೂರ್ತಿ ಇರುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಈ ಪದ್ಧತಿ ಯಾರು ಹೇಳಿಕೊಟ್ಟರೋ! 2004ರ ಜನವರಿಯಲ್ಲಿ ಅದು ಚೀನಾದ ಡಾಲಿಯನ್‌ನಿಂದ ಒಂದು ಉತ್ಸವಮೂರ್ತಿಯನ್ನು ತರಿಸಿಕೊಂಡಿತು. ಹೆಸರು ಡಾಂಗ್ ಫಾಂಗ್‌ಝುವೊ, ಸ್ಟ್ರೈಕರ್ (ಗೋಲು ಹೊಡೆಯುವುದೇ ಕೆಲಸವಾದವನು), 19 ತುಂಬಲು ಇನ್ನೂ ಕೆಲವು ದಿನ ಬಾಕಿ. ಮುಂಗಡ 5 ಲಕ್ಷ ಪೌಂಡ್. ಆಟ ಕುದುರಿದರೆ 35 ಲಕ್ಷದವರೆಗೆ.

ಇದೇ ದಾರಿ ಹಿಡಿಯುವ ಕ್ಲಬ್ಬುಗಳ ಅನುಕೂಲಕ್ಕೆ ಬೇಕಾಗುವ ಸಾಮಗ್ರಿ: ಒಬ್ಬ ಹುಡುಗ, ಒಂದು ಜೆರ್ಸಿ, 130 ಕೋಟಿ ಗಿರಾಕಿಗಳು. ಚೆಂಡು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಮೊದಲು ಕೈಕೊಡುವುದು ವರ್ಕ್ ಪರ್ಮಿಟ್. ಯುರೋಪಿನ ಒಕ್ಕೂಟದ ಹೊರಗಿನವನು ಬ್ರಿಟನ್ನಿನಲ್ಲಿ ಆಡಬೇಕಾದರೆ, ಆಗಿನ ನಿಯಮದಂತೆ, ಹಿಂದಿನ ಎರಡು ವರ್ಷಗಳಲ್ಲಿ ತನ್ನ ದೇಶದ ಮುಖ್ಯ ಪಂದ್ಯಗಳ ಪೈಕಿ ಶೇ. 75ರಲ್ಲಿ ಆಡಿರಬೇಕು. ದೇಶವೂ ಫಿಫಾ ಪಟ್ಟಿಯ ಮೊದಲ 70ರಲ್ಲಿರಬೇಕು. ದೇಶದ ತಂಡದಲ್ಲಿ ಕಾಯಂ ಆಗಲು ದೊಡ್ಡ ಕ್ಲಬ್ಬಿನಲ್ಲಿ ಆಡಬೇಕು, ದೊಡ್ಡ ಕ್ಲಬ್ಬಿನಲ್ಲಿ ಆಡಲು ದೇಶದ ತಂಡದಲ್ಲಿ ಕಾಯಂ ಆಗಿರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಇದಕ್ಕೊಂದು ಪರಿಹಾರವಿದೆ: ಬೆಲ್ಜಿಯಂ. ಅಲ್ಲಿನ ಆಂಟ್ವರ್ಪ್ ಕ್ಲಬ್ಬು ಮ್ಯಾಂಚೆಸ್ಟರಿಗೆ ಹಳೇ ನೆಂಟ, ಅಲ್ಲಿನ ಕಾಗದಪತ್ರದ ಕಾಟವೂ ಕಡಿಮೆ. ಡಾಂಗ್‌ನನ್ನು ಲೋನ್ ಮೇಲೆ, ಅಂದರೆ ಎರವಲಾಗಿ, ಅಲ್ಲಿಗೆ ಕಳಿಸಿದರು. ಇಲ್ಲೊಂದು ಎಡವಟ್ಟಾಯಿತು. ಮೂರ್ತಿಗೆ ಆಟ ಬಂದುಬಿಟ್ಟಿತು! 2005-06ರಲ್ಲಿ ಎರಡನೇ ಡಿವಿಷನ್ನಿನಲ್ಲಿ 18 ಗೋಲು, ಅತಿ ಹೆಚ್ಚು ಗೋಲು ಹೊಡೆದವರ ಸಾಲಿನಲ್ಲಿ ಜಂಟಿ ಮೊದಲ ಸ್ಥಾನ. ಯೋಜನೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಪರ್ಮಿಟ್ ಬಂದದ್ದು 2006ರ ಡಿಸೆಂಬರಿನಲ್ಲಿ. ಹತ್ತಿರ ಹತ್ತಿರ ಮೂರು ವರ್ಷ. ಬೆನ್ನಿಗೆ 21ನೇ ನಂಬರ್ ಬಿತ್ತು. ಬೇಸಿಗೆಯಲ್ಲಿ ಏಷ್ಯಾದ ಊರೂರು ಸುತ್ತುವ ಪ್ರದರ್ಶನ ಪಂದ್ಯಗಳಿಗೆ ಬ್ರಿಟನ್ನಿನ ಪರ್ಮಿಟ್ ಬೇಕಿಲ್ಲ ಎಂಬುದು ಬೇರೆ ಮಾತು. ಪಲ್ಲಕ್ಕಿ ಹೊರಗೆ ಹೊರಟಾಗ ಯಾರೂ ಶೇಕಡಾವಾರು ಕೇಳುವುದಿಲ್ಲ.

ಇನ್ನು ಅಸಲಿ ಪಂದ್ಯಗಳು, ಒಟ್ಟು ಮೂರು. ಮೊದಲನೆಯದು 2007ರ ಮೇ 9, ಚೆಲ್ಸಿ ವಿರುದ್ಧ. ಲೀಗ್ ಗೆದ್ದು ಆಗಲೇ ಮೂರು ದಿನವಾಗಿತ್ತು, ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ. 0-0. ಪ್ರೀಮಿಯರ್ ಲೀಗಿನಲ್ಲಿ ಡಾಂಗ್ ಆಡಿದ್ದು ಇದೊಂದೇ. ಕೊನೆಯದು ಅದೇ ವರ್ಷದ ಡಿಸೆಂಬರ್ 12ರಂದು, ಯುರೋಪಿನ ಚಾಂಪಿಯನ್ಸ್ ಲೀಗಿನಲ್ಲಿ, ಇಟಲಿಯ ರೋಮಾ ವಿರುದ್ಧ. ಮುಂದಿನ ಸುತ್ತು ಖಾತ್ರಿಯಾದ ಮೇಲೆ ರೂನಿಯನ್ನು ಕೂರಿಸಿ ಇವನನ್ನು ಇಳಿಸಿದರು.

ನಡುವಿನದು ಸ್ವಲ್ಪ ನಿಂತು ನೋಡಬೇಕಾದದ್ದು. 2007ರ ಸೆಪ್ಟೆಂಬರ್ 26, ಲೀಗ್ ಕಪ್, ಸ್ವಂತ ಮೈದಾನ, ಎದುರಿಗೆ ಕೆಳಗಿನ ದರ್ಜೆಯ ಕವೆಂಟ್ರಿ. ಯುನೈಟೆಡ್ 0-2ರಲ್ಲಿ ಸೋತಿತು. ಎರಡೂ ಗೋಲು ಹೊಡೆದದ್ದು ಮೈಕೆಲ್ ಮಿಫ್ಸುಡ್, ಮಾಲ್ಟಾದವನು. ಮಾಲ್ಟಾ ಆಗ ಸುಮಾರು 4 ಲಕ್ಷ ಜನರಿದ್ದ ದ್ವೀಪ. 130 ಕೋಟಿಯ ಮಾರುಕಟ್ಟೆ ಒಂದು ಕಡೆ, 4 ಲಕ್ಷದ ಮಾರುಕಟ್ಟೆ ಇನ್ನೊಂದು ಕಡೆ. ಚೆಂಡಿಗೆ ಜನಗಣತಿಯ ಪರಿಚಯವಿಲ್ಲ. ಮಾಲ್ಟಾದಲ್ಲಿ ಜೆರ್ಸಿ ಮಾರಬೇಕೆಂದು ಯಾರೂ ಅವನನ್ನು ಕೊಂಡಿರಲಿಲ್ಲವಲ್ಲ, ಹಾಗಾಗಿ ಪಾಪ, ಬೇರೆ ಕೆಲಸವಿಲ್ಲದೆ ಗೋಲು ಹೊಡೆದ.

ಈ ವ್ಯಾಪಾರದಲ್ಲಿ ಅಗ್ಗದ ಮಾಲೂ ಸಿಗುತ್ತದೆ. 2005ರಲ್ಲಿ ಶೆಫೀಲ್ಡ್ ಯುನೈಟೆಡ್ ಹಾವೊ ಹೈಡಾಂಗ್‌ನನ್ನು ಕೊಂಡದ್ದು ಒಂದೇ ಒಂದು ಪೌಂಡಿಗೆ. ಚೀನಾ ಪರ 41 ಗೋಲು ಹೊಡೆದ ದಾಖಲೆಯವನು. ಭಾಗಿಸಿದರೆ ಗೋಲಿಗೆ ಎರಡೂವರೆ ಪೆನ್ನಿಯೂ ಬೀಳಲಿಲ್ಲ. ಆಮೇಲೆ ಅದೇ ಶೆಫೀಲ್ಡ್ ಚೀನಾದ ಚೆಂಗ್ಡುವಿನಲ್ಲಿ ಇಡೀ ಕ್ಲಬ್ಬನ್ನೇ ಕೊಂಡಿತು. ಸ್ಪೇನಿನ ಎಸ್ಪಾನ್ಯೋಲ್‌ನದು ತಿರುಗುಮುರುಗು: ಆಟಿಕೆ ಕಾರು ಮಾಡುವ ಚೀನಾದ ರಾಸ್ಟಾರ್ ಕಂಪನಿ ಮೊದಲು ದೇವಸ್ಥಾನ ಕೊಂಡು, 2019ರಲ್ಲಿ ಚೀನಾದ ಆಟಗಾರ ವು ಲೇಯನ್ನು ತಂದು ಕೂರಿಸಿತು. 2020ರ ಜನವರಿಯಲ್ಲಿ ಬಾರ್ಸಿಲೋನಾ ವಿರುದ್ಧ 88ನೇ ನಿಮಿಷದಲ್ಲಿ ಸಮಬಲದ ಗೋಲು ಹೊಡೆದ, ಅದು ಅಪ್ಪಟ ಗೋಲೇ. ಸೀಸನ್ ಮುಗಿದಾಗ ಕ್ಲಬ್ಬು ಪಟ್ಟಿಯ ತಳದಲ್ಲಿತ್ತು.

ಇದಕ್ಕೆಲ್ಲ ಮೊದಲೇ, 1998ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ಸದ್ದಿಲ್ಲದೆ ಚೀನಾದ ಯಾಂಗ್ ಚೆನ್ ಎಂಬುವನನ್ನು ಕರೆಸಿಕೊಂಡು ಆಡಿಸಿತ್ತು. ಆ ಸೀಸನ್ನಿನಲ್ಲಿ 8 ಗೋಲು ಹೊಡೆದ, ತಂಡ ಕೆಳಕ್ಕೆ ಬೀಳದೆ ಉಳಿಯಿತು. ಸ್ಟ್ರೈಕರ್‌ನನ್ನು ಆಡಿಸಲೆಂದೇ ಕರೆಸುವಂಥ ಹಳ್ಳಿಗುಗ್ಗುಗಳು.

2008ರ ಆಗಸ್ಟ್ 7ರಂದು ಶೆನ್‌ಯಾಂಗ್‌ನಲ್ಲಿ ಡಾಂಗ್ ನ್ಯೂಜಿಲೆಂಡ್ ವಿರುದ್ಧ ಗೋಲು ಹೊಡೆದ. ಒಲಿಂಪಿಕ್ಸ್ ಪುರುಷರ ಫುಟ್‌ಬಾಲಿನಲ್ಲಿ ಚೀನಾದ ಮೊಟ್ಟಮೊದಲ ಗೋಲು. ಅದೇ ತಿಂಗಳು ಮ್ಯಾಂಚೆಸ್ಟರ್ ಅವನ ಲೆಕ್ಕ ಚುಕ್ತಾ ಮಾಡಿತು. ಡಾಲಿಯನ್, ವಾರ್ಸಾ, ಪೋರ್ಚುಗಲ್ ಸುತ್ತಿ ಅವನು ಅರ್ಮೇನಿಯಾದ ಮಿಕಾ ಕ್ಲಬ್ಬಿನವರೆಗೂ ಹೋದ. ಅವನು ಬಿಟ್ಟ 21ನೇ ನಂಬರಿನ ಜೆರ್ಸಿ ಆ ಸೀಸನ್ನಿನಲ್ಲೇ ರಫಾಯೆಲ್ ಎಂಬ 18ರ ಬ್ರೆಜಿಲ್ ಹುಡುಗನಿಗೆ ಹೋಯಿತು. ಅವನನ್ನು ಮೈದಾನಕ್ಕೆ ಇಳಿಸಿದರು.